ಮ್ಯಾಕ್‌ಬೆತ್ ನಾಟಕವನ್ನು ಸಣ್ಣ ತಂಡ ರಂಗಕ್ಕೆ ತರುವುದು ಹೇಗೆ: ಮೊದಲ ಓದಿನಿಂದ ಕೊನೆಯ ದೃಶ್ಯದವರೆಗೆ

ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಆಡೋಣ ಅಂತ ಒಂದು ತಂಡ ತೀರ್ಮಾನಿಸಿದ ಕೂಡಲೇ ಮಾತು ಮಾಟಗಾತಿಯರ ವೇಷ, ಹೊಗೆ, ರಕ್ತ, ಕತ್ತಿವರಸೆ ಕಡೆಗೆ ಹೊರಳುತ್ತದೆ. ಅವೆಲ್ಲ ಬೇಕೇ ಬೇಕು. ಆದರೆ ಅವನ್ನೆಲ್ಲ ಚೆನ್ನಾಗಿ ಮಾಡಿಯೂ ನಾಟಕ ಸಪ್ಪೆಯಾಗುವುದುಂಟು. ಹೆಚ್ಚಾಗಿ ಕಾರಣ ಒಂದೇ. ಮ್ಯಾಕ್‌ಬೆತ್ ಮೊದಲ ಪ್ರವೇಶದಲ್ಲೇ ಖಳನಾಯಕನಾಗಿ ಬಂದುಬಿಡುತ್ತಾನೆ. ಹುಬ್ಬು ಗಂಟು, ಗಡಸು ದನಿ, ಸಿಂಹಾಸನದ ಮೇಲೆ ಕಣ್ಣು. ಆಮೇಲೆ ಅವನು ಏನು ಮಾಡಿದರೂ ಪ್ರೇಕ್ಷಕರಿಗೆ ಆಶ್ಚರ್ಯವಿಲ್ಲ, ನೋವೂ ಇಲ್ಲ.

ನಾಟಕದೊಳಗಿನ ಮನುಷ್ಯ ಅಂಥವನಲ್ಲ. ಅವನಿಗೆ ಎಲ್ಲಾ ಗೊತ್ತು. ಸಿಂಹಾಸನಕ್ಕಾಗಿ ದೊರೆ ಡಂಕನ್‌ನನ್ನು ಕೊಲ್ಲುವುದು ತಪ್ಪು ಅಂತ ಗೊತ್ತು. ಯಾಕೆ ತಪ್ಪು ಅಂತ ಗೊತ್ತು. ಮಾಡಿದರೆ ಅದು ತಿರುಗಿ ತನ್ನ ಮೇಲೇ ಬರುತ್ತದೆ ಅಂತಲೂ ಗೊತ್ತು. ಗೊತ್ತಿದ್ದೂ ಮಾಡುತ್ತಾನೆ. ಕೆಳಗಿನ ಹೆಜ್ಜೆಗಳೆಲ್ಲ ಈ 'ಗೊತ್ತಿದ್ದೂ' ಅನ್ನೋದು ಪ್ರೇಕ್ಷಕರಿಗೆ ಮುಟ್ಟಬೇಕು ಅನ್ನುವ ಉದ್ದೇಶದಿಂದಲೇ ಹುಟ್ಟಿದವು. ಹತ್ತು ಜನ ನಟರು, ಸರಳವಾದ ರಂಗ, ಎಂಟು ವಾರದ ತಾಲೀಮು ಇದ್ದರೆ ಧೈರ್ಯವಾಗಿ ಶುರು ಮಾಡಬಹುದು.

ಹೆಜ್ಜೆ 1: ಒಂದೇ ಪಟ್ಟಿಗೆ ಕೂತು ಜೋರಾಗಿ ಓದಿ

ಪಾತ್ರ ಹಂಚುವ ಮೊದಲು ಇಡೀ ತಂಡ ಸುತ್ತ ಕೂತು ಪೂರ್ತಿ ನಾಟಕವನ್ನು ಜೋರಾಗಿ ಓದಬೇಕು. ಇದು ಶೇಕ್ಸ್‌ಪಿಯರ್‌ನ ದುರಂತ ನಾಟಕಗಳಲ್ಲಿ ಅತ್ಯಂತ ಚಿಕ್ಕದು. ಸುಮಾರು 2,100 ಸಾಲು, ಹ್ಯಾಮ್ಲೆಟ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಸರದಿಯಂತೆ ಎಲ್ಲರೂ ಎಲ್ಲ ಪಾತ್ರಗಳನ್ನೂ ಓದಲಿ. ನಟನೆ ಬೇಡ. ಅರ್ಥವಾಗದ ಕಡೆ ನಿಲ್ಲಿಸಿ ಚರ್ಚೆ ಮಾಡುವುದೂ ಬೇಡ. ನಾಟಕ ಎಷ್ಟು ವೇಗವಾಗಿ ಓಡುತ್ತದೆ ಅನ್ನುವುದು ಎಲ್ಲರ ಮೈಗೆ ಹತ್ತಬೇಕು, ಈ ಓದಿನ ಕೆಲಸ ಅಷ್ಟೇ.

ಎರಡನೇ ಓದಿಗೆ ಪೆನ್ಸಿಲ್ ಹಿಡಿಯಿರಿ. ನಿದ್ದೆ, ಕೈ, ರಕ್ತ, ದೀಪ, ಸದ್ದು, ಈ ಐದು ಬಂದ ಕಡೆಯೆಲ್ಲ ಗುರುತು ಹಾಕಿ. ಪುಟಗಳು ಗುರುತುಗಳಿಂದ ತುಂಬಿಹೋಗುತ್ತವೆ. ಉದಾಹರಣೆಗೆ ದೀಪವನ್ನೇ ನೋಡಿ. ಕೊಲೆಯ ರಾತ್ರಿ ಆಕಾಶದಲ್ಲಿ ನಕ್ಷತ್ರಗಳೇ ಇಲ್ಲ, ಮೇಲಿನವರು ದೀಪ ಆರಿಸಿಬಿಟ್ಟಿದ್ದಾರೆ ಅಂತ ಮ್ಯಾಕ್‌ಬೆತ್‌ನ ಜೊತೆಗಾರ ಸೇನಾನಿ ಬ್ಯಾಂಕೋ ಹೇಳುತ್ತಾನೆ. ಬ್ಯಾಂಕೋ ಸಾಯುವ ದೃಶ್ಯದಲ್ಲಿ ಕೊಲೆಗಾರರಲ್ಲೊಬ್ಬ ಪಂಜು ಆರಿಸಿದ್ದು ಯಾರು ಅಂತ ಕೇಳುತ್ತಾನೆ, ಆ ಕತ್ತಲಲ್ಲೇ ಬ್ಯಾಂಕೋನ ಮಗ ಫ್ಲಿಯಾನ್ಸ್ ತಪ್ಪಿಸಿಕೊಳ್ಳುತ್ತಾನೆ. ನಿದ್ದೆಯಲ್ಲಿ ನಡೆಯುವ ಲೇಡಿ ಮ್ಯಾಕ್‌ಬೆತ್ ಪಕ್ಕದಲ್ಲಿ ಸದಾ ದೀಪ ಇರಬೇಕು ಅಂತ ಅಪ್ಪಣೆ ಮಾಡಿದ್ದಾಳೆ. ಅವಳು ಸತ್ತ ಸುದ್ದಿ ಬಂದಾಗ ಮ್ಯಾಕ್‌ಬೆತ್ ಬಾಯಲ್ಲಿ ಬರುವುದು 'ಆರಿಹೋಗು ದೀಪವೇ' ಅನ್ನುವ ಮಾತು. ಬೆಳಕಿನ ವಿನ್ಯಾಸಕ್ಕೆ ಬೇಕಾದ ನಕ್ಷೆಯನ್ನು ನಾಟಕಕಾರನೇ ಬರೆದಿಟ್ಟಿದ್ದಾನೆ.

ಹೆಜ್ಜೆ 2: ನಾಟಕಕಾರ ಏನನ್ನು ಬಿಟ್ಟ ಅಂತ ತಿಳಿಯಿರಿ

ಚರಿತ್ರೆ ಜಾಸ್ತಿ ಬೇಡ. ಎರಡು ವಿಷಯ ಸಾಕು.

ಮೊದಲನೆಯದು ಕಾಲ. ನಾಟಕ ಹುಟ್ಟಿದ್ದು ಸುಮಾರು 1606ರಲ್ಲಿ. ಸ್ಕಾಟ್ಲೆಂಡ್‌ನ ದೊರೆ ಜೇಮ್ಸ್ 1603ರಲ್ಲಿ ಇಂಗ್ಲೆಂಡಿಗೂ ದೊರೆಯಾಗಿದ್ದ. ಅವನ ವಂಶ ಬ್ಯಾಂಕೋನಿಂದ ಬಂದದ್ದು ಅನ್ನುವ ನಂಬಿಕೆ ಇತ್ತು. ಮಾಟದ ಬಗ್ಗೆ 1597ರಲ್ಲಿ ಆತ ತಾನೇ ಒಂದು ಪುಸ್ತಕ ಬರೆದಿದ್ದ. 1605ರ ನವೆಂಬರ್‌ನಲ್ಲಿ ಪಾರ್ಲಿಮೆಂಟನ್ನು ಸಿಡಿಮದ್ದಿಟ್ಟು ಉಡಾಯಿಸಿ ದೊರೆಯನ್ನು ಕೊಲ್ಲುವ ಸಂಚು ಬಯಲಾಗಿತ್ತು. ರಾಜಹತ್ಯೆ ಅನ್ನುವುದು ಆಗಿನ ಪ್ರೇಕ್ಷಕರಿಗೆ ಹಳೆಯ ಕಥೆ ಆಗಿರಲಿಲ್ಲ.

ಎರಡನೆಯದು ಮೂಲಕಥೆ. ನಿಮ್ಮ ತಾಲೀಮಿಗೆ ನೇರವಾಗಿ ಉಪಯೋಗ ಆಗುವುದು ಇದೇ. ಕಥೆ ಸಿಕ್ಕಿದ್ದು ಹಾಲಿನ್‌ಶೆಡ್‌ನ ಇತಿಹಾಸ ಸಂಕಲನದಲ್ಲಿ. ಅಲ್ಲಿನ ಡಂಕನ್ ಆಡಳಿತದಲ್ಲಿ ಮೆದು, ಕೈಲಾಗದವನು. ಅಲ್ಲಿ ಮ್ಯಾಕ್‌ಬೆತ್‌ಗೆ ಸಿಂಹಾಸನದ ಮೇಲೆ ಹಕ್ಕು ಕೇಳಲು ಕಾರಣ ಇತ್ತು. ಬ್ಯಾಂಕೋ ಕೂಡ ಸಂಚಿನಲ್ಲಿ ಪಾಲುದಾರ. ಪಟ್ಟಕ್ಕೆ ಬಂದ ಮೇಲೆ ಮ್ಯಾಕ್‌ಬೆತ್ ಹತ್ತು ವರ್ಷ ಒಳ್ಳೆಯ ಆಡಳಿತವನ್ನೂ ಕೊಡುತ್ತಾನೆ. ಇನ್ನು ನಿಜವಾದ ಇತಿಹಾಸದಲ್ಲಿ ಡಂಕನ್ ಸತ್ತದ್ದು 1040ರಲ್ಲಿ, ಯುದ್ಧದಲ್ಲಿ. ಮ್ಯಾಕ್‌ಬೆತ್ 1057ರವರೆಗೆ ಆಳಿದ.

ಶೇಕ್ಸ್‌ಪಿಯರ್ ಈ ನೆಪಗಳನ್ನೆಲ್ಲ ಒಂದೊಂದಾಗಿ ಕಿತ್ತುಹಾಕಿದ. ದೊರೆಯನ್ನು ವಯಸ್ಸಾದ ಒಳ್ಳೆಯ ಮನುಷ್ಯನನ್ನಾಗಿ ಮಾಡಿದ. ಬ್ಯಾಂಕೋನನ್ನು ಸಂಚಿನಿಂದ ಹೊರಗಿಟ್ಟ. ಮನೆಗೆ ಬಂದ ದೊರೆಯನ್ನು ಮಲಗಿದ್ದಲ್ಲೇ ಕೊಲ್ಲುವ, ಹೆಂಡತಿ ಹುರಿದುಂಬಿಸುವ ಪ್ರಸಂಗವನ್ನು ಅದೇ ಪುಸ್ತಕದ ಬೇರೊಂದು ಕಥೆಯಿಂದ, ಡಾನ್ವಾಲ್ಡ್ ಎಂಬವನು ಡಫ್ ಎಂಬ ದೊರೆಯನ್ನು ಕೊಂದ ಕಥೆಯಿಂದ, ಎತ್ತಿ ತಂದ. ಹೀಗಾಗಿ ಮ್ಯಾಕ್‌ಬೆತ್ ಕೈಯಲ್ಲಿ ಯಾವ ಸಮರ್ಥನೆಯೂ ಉಳಿಯಲಿಲ್ಲ. ಈ ವಿಷಯವನ್ನು ಮ್ಯಾಕ್‌ಬೆತ್ ಆಡುವ ನಟನಿಗೆ ಮೊದಲ ವಾರವೇ ಹೇಳಿ. 'ನನಗೆ ಅನ್ಯಾಯ ಆಗಿದೆ' ಅನ್ನುವ ಭಾವ ಅವನ ದನಿಯಲ್ಲಿ ನುಸುಳದಂತೆ ಇದು ಕಾಯುತ್ತದೆ.

ಹೆಜ್ಜೆ 3: ಕತ್ತರಿ ಎಲ್ಲಿ ಹಾಕಬೇಕು, ಯಾರು ಎರಡು ಪಾತ್ರ ಮಾಡಬೇಕು

ನಾಟಕ ಮೊದಲು ಅಚ್ಚಾದದ್ದು 1623ರಲ್ಲಿ, ಶೇಕ್ಸ್‌ಪಿಯರ್ ತೀರಿಕೊಂಡು ಏಳು ವರ್ಷದ ಮೇಲೆ. ಅದಕ್ಕೂ ಹಿಂದಿನ ಪ್ರತಿ ಇಲ್ಲ. ಮಾಟಗಾತಿಯರ ಒಡತಿಯಾಗಿ ಬರುವ ಹೆಕಟಿಯ ಭಾಗಗಳನ್ನು ಥಾಮಸ್ ಮಿಡಲ್ಟನ್ ಆಮೇಲೆ ಸೇರಿಸಿದ ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅವನ್ನು ಯೋಚನೆಯಿಲ್ಲದೆ ತೆಗೆಯಿರಿ. 3ನೇ ಅಂಕದ 5ನೇ ದೃಶ್ಯ ಪೂರ್ತಿ ಹೋಗುತ್ತದೆ. 4ನೇ ಅಂಕದ 3ನೇ ದೃಶ್ಯದಲ್ಲಿ ಇಂಗ್ಲೆಂಡಿನ ದೊರೆ ರೋಗ ವಾಸಿ ಮಾಡುವ ಮಾತುಕತೆ ಬೇಡ. ಡಂಕನ್‌ನ ಮಗ ಮಾಲ್ಕಮ್ ತನ್ನನ್ನು ತಾನೇ ಹಳಿದುಕೊಂಡು, ಮ್ಯಾಕ್‌ಬೆತ್‌ನ ವಿರುದ್ಧ ನಿಂತ ಒಡೆಯ ಮ್ಯಾಕ್‌ಡಫ್‌ನನ್ನು ಪರೀಕ್ಷೆ ಮಾಡುವ ಭಾಗವನ್ನು ಅರ್ಧಕ್ಕೆ ಇಳಿಸಿ. ಆದರೆ ಅದೇ ದೃಶ್ಯದ ಕೊನೆಯನ್ನು ಮುಟ್ಟಬೇಡಿ, ಕಾರಣ ಮುಂದೆ ಹೇಳುತ್ತೇನೆ. ಸೇನೆ ಅಲ್ಲಿಂದಿಲ್ಲಿಗೆ ಹೋಗುವ 5ನೇ ಅಂಕದ ತುಂಡು ದೃಶ್ಯಗಳು ಚಿಕ್ಕವು, ಅವುಗಳ ವೇಗವೇ ಅವುಗಳ ಬಲ. ಹಾಗೇ ಇರಲಿ.

ಹತ್ತು ಜನರಲ್ಲಿ ಆಡುವಾಗ ಒಬ್ಬರು ಎರಡು ಮೂರು ಪಾತ್ರ ಮಾಡಲೇಬೇಕು. ಮಾಟಗಾತಿಯರನ್ನೇ ಕೊಲೆಗಾರರನ್ನಾಗಿ ಮಾಡುವ ಆಸೆ ಬಹಳ ತಂಡಗಳಿಗೆ ಬರುತ್ತದೆ. ನೋಡಲು ಚೆನ್ನಾಗಿರುತ್ತದೆ, ನಿಜ. ಆದರೆ ಹಾಗೆ ಮಾಡಿದರೆ ಎಲ್ಲವನ್ನೂ ಮಾಟವೇ ಮಾಡಿಸಿತು ಅನ್ನಿಸಿಬಿಡುತ್ತದೆ. ಮ್ಯಾಕ್‌ಬೆತ್‌ನ ಹೊಣೆ ಜಾರಿಹೋಗುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಬದಲಿಗೆ ಫ್ಲಿಯಾನ್ಸ್, ಮ್ಯಾಕ್‌ಡಫ್‌ನ ಮಗ, ಇಂಗ್ಲಿಷ್ ಸೇನಾಪತಿಯ ಮಗ ಯುವ ಸಿವಾರ್ಡ್, ಈ ಮೂರನ್ನೂ ಒಬ್ಬನೇ ಹುಡುಗನಿಗೆ ಕೊಡಿ. ಅದೇ ಮುಖ ಒಮ್ಮೆ ತಪ್ಪಿಸಿಕೊಂಡು, ಎರಡು ಸಲ ಮ್ಯಾಕ್‌ಬೆತ್‌ನಿಂದ ಸಾಯುತ್ತದೆ. ಮಕ್ಕಳಿಲ್ಲದ ದೊರೆ ಬೇರೆಯವರ ಮಕ್ಕಳ ಬೆನ್ನು ಹತ್ತುವುದು ಒಂದೂ ಮಾತಿಲ್ಲದೆ ಕಾಣುತ್ತದೆ. ಡಂಕನ್ ಆಡಿದವರು 5ನೇ ಅಂಕದಲ್ಲಿ ವೈದ್ಯರಾಗಬಹುದು. ಲೇಡಿ ಮ್ಯಾಕ್‌ಡಫ್ ಆಡಿದವರು ಅದೇ ದೃಶ್ಯದ ಸಖಿಯಾಗಬಹುದು. ಬ್ಯಾಂಕೋ ನಟನಿಗೆ ಮಾತ್ರ 4ನೇ ಅಂಕದ 1ನೇ ದೃಶ್ಯ ಮುಗಿಯುವವರೆಗೂ ಬೇರೆ ಪಾತ್ರ ಕೊಡಬೇಡಿ. ಎಂಟು ದೊರೆಗಳ ಮೆರವಣಿಗೆಯಲ್ಲಿ ಅವನು ಮತ್ತೆ ಬರುತ್ತಾನೆ.

ಹೆಜ್ಜೆ 4: ಮಾಟಗಾತಿಯರು ಹೇಳದೇ ಬಿಟ್ಟದ್ದು

ಮಾಟಗಾತಿಯರು 'ಕೊಲ್ಲು' ಅಂತ ಎಲ್ಲೂ ಹೇಳುವುದಿಲ್ಲ. ಮೊದಲ ಭೇಟಿಯಲ್ಲಿ ಅವರು ಕೊಡುವುದು ಮೂರು ಬಿರುದು. ಗ್ಲಾಮಿಸ್‌ನ ಒಡೆಯ, ಕಾಡರ್‌ನ ಒಡೆಯ, ಮುಂದೆ ದೊರೆ. ಮೊದಲನೆಯದು ಅವನ ಬಳಿ ಆಗಲೇ ಇದೆ. ಎರಡನೆಯದನ್ನು ಡಂಕನ್ ಅದಕ್ಕೂ ಮೊದಲಿನ ದೃಶ್ಯದಲ್ಲೇ ಕೊಟ್ಟಾಗಿದೆ, ಪ್ರೇಕ್ಷಕರಿಗೆ ಅದು ಗೊತ್ತು. ಹೊಸದು ಮೂರನೆಯದು ಮಾತ್ರ. ಅದನ್ನು ಕೇಳಿದಾಗ ಮ್ಯಾಕ್‌ಬೆತ್ ಬೆಚ್ಚಿಬೀಳುತ್ತಾನೆ. ಇಷ್ಟು ಒಳ್ಳೆಯ ಮಾತಿಗೆ ಯಾಕಪ್ಪಾ ಬೆಚ್ಚಿದೆ ಅಂತ ಬ್ಯಾಂಕೋ ಕೇಳುತ್ತಾನೆ.

ಆ ಬೆಚ್ಚುವಿಕೆಯನ್ನು ತಾಲೀಮಿನಲ್ಲಿ ಮತ್ತೆ ಮತ್ತೆ ಮಾಡಿ ನೋಡಿ. ಹೊಸ ಮಾತು ಕೇಳಿದವನ ಬೆರಗು ಬೇರೆ. ತನ್ನ ಮನಸ್ಸಿನೊಳಗೆ ಇದ್ದದ್ದನ್ನು ಬೇರೆಯವರ ಬಾಯಲ್ಲಿ ಕೇಳಿದವನ ಗಾಬರಿ ಬೇರೆ. ನಮಗೆ ಬೇಕಾದದ್ದು ಎರಡನೆಯದು. ಅದು ದೊಡ್ಡದಾಗಿ ಇರಬೇಕಿಲ್ಲ. ಉಸಿರು ಒಮ್ಮೆ ಹಿಡಿದು, ಕಣ್ಣು ಬ್ಯಾಂಕೋನ ಕಡೆ ಹೊರಳಿದರೆ ಸಾಕು. ಅದೇ ಮಾತು ಕೇಳಿದ ಬ್ಯಾಂಕೋ ಯಾರನ್ನೂ ಕೊಲ್ಲಲು ಹೋಗುವುದಿಲ್ಲ ಅನ್ನುವುದೂ ನೆನಪಿರಲಿ. ಅದಕ್ಕೇ ಈ ದೃಶ್ಯದಲ್ಲಿ ಇಬ್ಬರನ್ನೂ ಒಂದೇ ಬೆಳಕಿನಲ್ಲಿ, ಅಕ್ಕಪಕ್ಕದಲ್ಲಿ ನಿಲ್ಲಿಸಿ.

ಇನ್ನು ಮಾಟಗಾತಿಯರ ಮಾತಿನ ಲಯ. ಉಳಿದವರು ಹೆಚ್ಚಾಗಿ ಐದು ಬಡಿತದ ಸಾಲಿನಲ್ಲಿ ಮಾತಾಡಿದರೆ ಇವರು ನಾಲ್ಕು ಬಡಿತದಲ್ಲಿ, ಪ್ರಾಸ ಹಿಡಿದು ಮಾತಾಡುತ್ತಾರೆ. ಅನುವಾದದಲ್ಲೂ ಈ ವ್ಯತ್ಯಾಸ ಕೇಳಬೇಕು. ಸಾಲು ಗಿಡ್ಡ, ಒತ್ತು ಮೊದಲಿಗೆ. ಕಿರುಚಾಟ, ಗಹಗಹಿಸಿ ನಗುವುದು ಬೇಡ. ಪ್ರತಿ ಪದ ಕೇಳಿಸಬೇಕು. ಒಳ್ಳೆಯದೇ ಕೆಟ್ಟದ್ದು, ಕೆಟ್ಟದ್ದೇ ಒಳ್ಳೆಯದು ಅಂತ ಅವರು ಮೊದಲ ದೃಶ್ಯದಲ್ಲಿ ಹೇಳುತ್ತಾರಲ್ಲ, ಮ್ಯಾಕ್‌ಬೆತ್ ರಂಗಕ್ಕೆ ಬಂದು ಆಡುವ ಮೊದಲ ಮಾತೂ ಅದೇ ಅರ್ಥದ್ದು. ಇಷ್ಟು ಕೆಟ್ಟ, ಇಷ್ಟು ಒಳ್ಳೆಯ ದಿನವನ್ನೇ ನೋಡಿಲ್ಲ ಅನ್ನುತ್ತಾನೆ. ಅವರನ್ನು ಭೇಟಿ ಆಗುವ ಮೊದಲೇ ಅವರ ಮಾತು ಅವನ ಬಾಯಲ್ಲಿದೆ. ಕಿರುಚಿದರೆ ಇದು ಯಾರಿಗೂ ಕೇಳುವುದಿಲ್ಲ.

ಹೆಜ್ಜೆ 5: ಗಂಡ ಹೆಂಡತಿಯ ದೃಶ್ಯದಿಂದ ತಾಲೀಮು ಶುರು ಮಾಡಿ

ಮೊದಲ ದೃಶ್ಯದಿಂದ ಅನುಕ್ರಮವಾಗಿ ತಾಲೀಮು ಮಾಡಬೇಡಿ. 1ನೇ ಅಂಕದ 7ನೇ ದೃಶ್ಯದಿಂದ ಶುರು ಮಾಡಿ, ಮೊದಲ ಎರಡು ವಾರ ಗಂಡ ಹೆಂಡತಿಯ ದೃಶ್ಯಗಳಿಗೇ ಕೊಡಿ. ಇದು ನಿಂತರೆ ನಾಟಕ ನಿಂತಂತೆ.

ಒಳಗೆ ದೊರೆಗೆ ಊಟ ನಡೆಯುತ್ತಿದೆ. ಮ್ಯಾಕ್‌ಬೆತ್ ಎದ್ದು ಹೊರಗೆ ಬಂದಿದ್ದಾನೆ. ಒಬ್ಬನೇ ಲೆಕ್ಕ ಹಾಕುತ್ತಾನೆ. ಡಂಕನ್ ನನ್ನ ಸಂಬಂಧಿಕ. ನಾನು ಅವನ ಪ್ರಜೆ. ಇವತ್ತು ಅವನು ನನ್ನ ಅತಿಥಿ, ಕೊಲೆಗಾರ ಬಂದರೆ ಬಾಗಿಲು ಹಾಕಬೇಕಾದವನು ನಾನು, ಚಾಕು ಹಿಡಿಯುವುದಾ? ಮೇಲಾಗಿ ಅವನು ಒಳ್ಳೆಯ ದೊರೆ. ಈ ಕಡೆಯ ತಟ್ಟೆಯಲ್ಲಿ ಏನಿದೆ ಅಂದರೆ ಬರೀ ಮಹತ್ವಾಕಾಂಕ್ಷೆ. ಲೆಕ್ಕ ಸರಿಯಾಗಿದೆ, ಉತ್ತರವೂ ಸರಿಯಾಗಿದೆ. ನಟ ಇದನ್ನು ಭಾಷಣದಂತೆ ಹೇಳಬಾರದು. ಒಂದೊಂದು ಕಾರಣವೂ ಆಗ ತಾನೇ ಹೊಳೆದಂತೆ ಬರಲಿ. ಒಂದಾದ ಮೇಲೊಂದು ಬಂದಷ್ಟೂ ಅವನಿಗೆ ಹಗುರ ಆಗಬೇಕು. ಹೆಂಡತಿ ಬರುವ ಹೊತ್ತಿಗೆ ಅವನು ಬಿಡುಗಡೆ ಆದ ಮನುಷ್ಯ. 'ಈ ವಿಷಯ ಇಲ್ಲಿಗೇ ಬಿಡೋಣ' ಅಂತ ಹೇಳಿಯೂ ಬಿಡುತ್ತಾನೆ.

ಆಮೇಲೆ ಬರುವ ಮಾತುಕತೆ ಕೆಲವೇ ನಿಮಿಷದ್ದು. ಇಲ್ಲಿ ಲೇಡಿ ಮ್ಯಾಕ್‌ಬೆತ್‌ಳನ್ನು ರಾಕ್ಷಸಿಯನ್ನಾಗಿ ಮಾಡುವ ತಂಡಗಳೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ದೃಶ್ಯ ಹಿಂದೆ ಅವಳು ನನ್ನ ಹೆಣ್ಣುತನ ಕಿತ್ತುಕೊಳ್ಳಿ, ಮನಸ್ಸಿಗೆ ಕರುಣೆ ನುಗ್ಗದಂತೆ ದಾರಿ ಮುಚ್ಚಿ ಅಂತ ಕತ್ತಲ ಶಕ್ತಿಗಳನ್ನು ಬೇಡಿಕೊಂಡಿದ್ದಾಳೆ. ಹುಟ್ಟಾ ಕಲ್ಲೆದೆಯವಳಾಗಿದ್ದರೆ ಬೇಡಿಕೊಳ್ಳುವ ಅಗತ್ಯ ಏನಿತ್ತು? ಗಂಡ ಬರೆದ ಕಾಗದದಲ್ಲಿ ಅವಳು ಅವನ ಹಿರಿಮೆಯ ಪಾಲುದಾರಳು. ಈ ಇಬ್ಬರ ನಡುವೆ ಪ್ರೀತಿ ಇದೆ, ಅದನ್ನು ತೋರಿಸಿ. ಅವಳು ಅವನ ಹತ್ತಿರ ನಿಂತು, ಕೈ ಹಿಡಿದು ಮಾತಾಡಲಿ. ಒಳಗೆ ದೊರೆ ಇದ್ದಾನೆ, ಜೋರಾಗಿ ಮಾತಾಡುವ ಹಾಗಿಲ್ಲ ಅನ್ನುವುದನ್ನು ಇಬ್ಬರೂ ಮರೆಯಬಾರದು.

ಅವನು ತಿರುಗುವುದು ಎಲ್ಲಿ? ಹೇಡಿ ಅಂತ ಅಂದಾಗಲೂ ಅಲ್ಲ, ಗಂಡಸಾ ನೀನು ಅಂತ ಕೆಣಕಿದಾಗಲೂ ಅಲ್ಲ. ಮಗುವಿಗೆ ಹಾಲು ಕೊಟ್ಟವಳು ನಾನು, ಮಾತು ಕೊಟ್ಟಿದ್ದರೆ ಆ ಮಗುವಿನ ತಲೆಯನ್ನೇ ಜಜ್ಜುತ್ತಿದ್ದೆ ಅನ್ನುವ ಭಯಂಕರ ಮಾತು ಮುಗಿದ ಕೂಡಲೇ ಅವನು ಕೇಳುತ್ತಾನೆ: 'ತಪ್ಪಿಹೋದರೆ?' ಅಲ್ಲಿ. ಅದಕ್ಕೂ ಮೊದಲು ಅವನ ಪ್ರಶ್ನೆ ಮಾಡಬೇಕಾ ಬೇಡವಾ ಅನ್ನುವುದಾಗಿತ್ತು. ಈಗ ಹೇಗೆ ಅನ್ನುವುದಾಗಿದೆ. ಅವಳಿಗೆ ಅದು ತಕ್ಷಣ ಅರ್ಥ ಆಗುತ್ತದೆ. ಕೂಡಲೇ ಯೋಜನೆ ಹೇಳುತ್ತಾಳೆ. ಇಬ್ಬರು ಕಾವಲುಗಾರರಿಗೆ ಕುಡಿಸಿ ಮಲಗಿಸುವುದು, ಅವರ ಕಠಾರಿಯನ್ನೇ ಬಳಸುವುದು. 'ತಪ್ಪಿಹೋದರೆ' ಮುಗಿದ ಮೇಲೆ ಒಂದು ಕ್ಷಣ ಮೌನ ಇಡಿ. ಅವನು ಸೋತದ್ದು ಯಾವಾಗ ಅಂತ ಪ್ರೇಕ್ಷಕರಿಗೆ ಕಾಣುವುದು ಆ ಒಂದು ಕ್ಷಣದಲ್ಲಿ.

ಹೆಜ್ಜೆ 6: ಕೊಲೆಯ ರಾತ್ರಿಯನ್ನು ಕಿವಿಯಿಂದ ಕಟ್ಟಿ

ಕೊಲೆ ರಂಗದ ಮೇಲೆ ನಡೆಯುವುದಿಲ್ಲ. ಇದನ್ನು ಬದಲಾಯಿಸಿ ಹಾಸಿಗೆ, ದೊರೆ, ಇರಿತ ಎಲ್ಲಾ ತೋರಿಸುವವರಿದ್ದಾರೆ. ತೋರಿಸಿದ ಕೂಡಲೇ ಭಯ ಕಡಿಮೆ ಆಗುತ್ತದೆ. 2ನೇ ಅಂಕದ 2ನೇ ದೃಶ್ಯದಲ್ಲಿ ನಡೆಯುವುದೆಲ್ಲ ಸದ್ದು ಮತ್ತು ಕಾಯುವಿಕೆ. ಗಂಟೆಯ ಸದ್ದು ಕೇಳಿ ಅವನು ಹೋಗಿದ್ದಾನೆ. ಹೆಂಡತಿ ಕಾಯುತ್ತಿದ್ದಾಳೆ. ಗೂಬೆ ಕೂಗುತ್ತದೆ. ಮಲಗಿದ್ದ ಮುದುಕ ನನ್ನ ಅಪ್ಪನ ಹಾಗೆ ಕಾಣದಿದ್ದರೆ ನಾನೇ ಮುಗಿಸುತ್ತಿದ್ದೆ ಅಂತ ಅವಳು ತನ್ನಲ್ಲೇ ಹೇಳಿಕೊಳ್ಳುತ್ತಾಳೆ. ಅವಳೂ ಕಲ್ಲಲ್ಲ ಅನ್ನುವುದಕ್ಕೆ ಇದೊಂದು ಸಾಲು ಸಾಕು. ನಟಿ ಇದನ್ನು ತೇಲಿಸಿ ಹೇಳಬಾರದು.

ಅವನು ಬಂದ ಮೇಲಿನ ಮಾತುಕತೆ ಒಂದೆರಡು ಪದಗಳದು. ಸದ್ದು ಕೇಳಲಿಲ್ಲವಾ? ಗೂಬೆ ಕೂಗಿತು, ಜೀರುಂಡೆ ಕೂಗಿತು. ನೀನು ಮಾತಾಡಲಿಲ್ಲವಾ? ಯಾವಾಗ? ಈಗ. ಇಳಿದು ಬರುವಾಗಲಾ? ಹೂಂ. ತಾಲೀಮಿನಲ್ಲಿ ಒಂದು ದಿನ ದೀಪ ಆರಿಸಿ, ಪಿಸುದನಿಯಲ್ಲಿ ಇಷ್ಟನ್ನೇ ಆಡಿಸಿ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಹಿಡಿಯುವ ವೇಗ ಅಲ್ಲಿ ಸಿಗುತ್ತದೆ. ಬೆಳಕಿನಲ್ಲಿ ಆಡುವಾಗ ಅದನ್ನೇ ಉಳಿಸಿಕೊಳ್ಳಿ.

ಆಮೇಲೆ ಅವನಿಗೆ ದೊರೆಯ ರಕ್ತಕ್ಕಿಂತ ದೊಡ್ಡದಾಗಿ ಕಾಡುವುದು ಒಂದು ಪದ. ನಿದ್ದೆಗಣ್ಣಿನಲ್ಲಿ ಯಾರೋ 'ದೇವರೇ ಕಾಪಾಡು' ಅಂದರು, ತಾನು 'ಆಮೆನ್' ಅನ್ನಲು ಹೋದ, ಗಂಟಲಲ್ಲೇ ಸಿಕ್ಕಿಕೊಂಡಿತು. ಇನ್ನು ಮೇಲೆ ನಿನಗೆ ನಿದ್ದೆಯಿಲ್ಲ, ನೀನು ನಿದ್ದೆಯನ್ನೇ ಕೊಂದೆ ಅನ್ನುವ ದನಿಯೂ ಕೇಳಿತಂತೆ. ಅವನು ಇಲ್ಲಿ ಹೆಂಡತಿಗೆ ಉತ್ತರ ಕೊಡುತ್ತಿಲ್ಲ. ಅವಳು ಒಂದು ಕಡೆ, ಅವನು ಇನ್ನೊಂದು ಕಡೆ ಮಾತಾಡುತ್ತಿದ್ದಾರೆ.

ಕಠಾರಿಗಳ ವಿಷಯ ಈಗಲೇ ಬಗೆಹರಿಸಿಕೊಳ್ಳಿ. ಅವನು ಎರಡು ಕಠಾರಿಗಳನ್ನು ಕೈಯಲ್ಲೇ ಹಿಡಿದು ಬಂದಿದ್ದಾನೆ, ಅವಳು ಅದನ್ನು ನೋಡುವುದು ತುಂಬಾ ಹೊತ್ತಿನ ಮೇಲೆ. ಹಾಗಾದರೆ ಅಲ್ಲಿಯವರೆಗೆ ಅವಳಿಗೆ ಯಾಕೆ ಕಾಣಲಿಲ್ಲ? ಅವನನ್ನು ಅರ್ಧ ನೆರಳಿನಲ್ಲಿ, ಕೈ ಮೈಗೊತ್ತಿಕೊಂಡು ನಿಲ್ಲಿಸಿ. ಅವಳು ಅವನ ಮುಖ ನೋಡಿ ಮಾತಾಡಲಿ. ಕೈಯ ಸುದ್ದಿ ಬಂದಾಗ ಮಾತ್ರ ಅವಳ ಕಣ್ಣು ಕೆಳಗಿಳಿಯಲಿ.

ರಕ್ತದ ವ್ಯವಸ್ಥೆ ಒಬ್ಬರ ಹೊಣೆ ಆಗಿರಲಿ. ನೇಪಥ್ಯದಲ್ಲಿ ಅವರು ಮ್ಯಾಕ್‌ಬೆತ್‌ನ ಕೈಗೆ ಬಣ್ಣ ಹಚ್ಚಬೇಕು, ಸ್ವಲ್ಪ ಹೊತ್ತಿನಲ್ಲೇ ಹೆಂಡತಿಯ ಕೈಗೂ ಹಚ್ಚಬೇಕು. ಇಬ್ಬರೂ ಒಳಗೆ ಹೋದ ಮೇಲೆ ಕೈ ತೊಳೆದು, ರಾತ್ರಿಯುಡುಪು ಹಾಕಿ ಮತ್ತೆ ಬರಬೇಕು. ಬಕೆಟ್‌ನಲ್ಲಿ ಬೆಚ್ಚಗಿನ ನೀರು, ಸೋಪು, ಎರಡು ಟವೆಲ್ ಒಂದೇ ಜಾಗದಲ್ಲಿ ಇರಲಿ. ಬಣ್ಣ ಚರ್ಮದಿಂದಲೂ ಬಟ್ಟೆಯಿಂದಲೂ ಹೋಗುತ್ತದಾ ಅಂತ ವೇಷ ಹೊಲಿಸುವ ಮೊದಲೇ ತುಂಡು ಬಟ್ಟೆಯ ಮೇಲೆ ನೋಡಿಕೊಳ್ಳಿ.

ಹೆಜ್ಜೆ 7: ಬಾಗಿಲು ಕಾಯುವವನನ್ನು ತೆಗೆಯಬೇಡಿ

ತೊಳೆಯಲು ಬೇಕಾದ ಆ ಸಮಯ ಸಿಗುವುದು ಬಾಗಿಲು ಕಾಯುವವನಿಂದಲೇ. ಕುಡಿದು ಮಲಗಿದ್ದವನು ಎದ್ದು ಬಂದು, ತಾನು ನರಕದ ಬಾಗಿಲು ಕಾಯುವವನು ಅಂತ ಆಟ ಹೂಡುತ್ತಾನೆ. ಅವನ ಮಾತಿನಲ್ಲಿ ಬರುವ ಎರಡರ್ಥದ ಮಾತುಗಾರ, ಸಿಡಿಮದ್ದು ಸಂಚಿನ ಸಂಬಂಧ 1606ರಲ್ಲಿ ವಿಚಾರಣೆಗೆ ಒಳಗಾದ ಪಾದ್ರಿ ಹೆನ್ರಿ ಗಾರ್ನೆಟ್‌ನನ್ನು ಕುರಿತದ್ದು ಅಂತ ಸಾಮಾನ್ಯವಾಗಿ ತಿಳಿಯಲಾಗಿದೆ. ಆ ಕಾಲದ ಸುದ್ದಿಯನ್ನು ಮೊಟಕು ಮಾಡಬಹುದು, ದೃಶ್ಯವನ್ನಲ್ಲ. ಪ್ರೇಕ್ಷಕರು ನಗಲಿ. ತಟ್ಟುವ ಸದ್ದು ಮಾತ್ರ ನಿಲ್ಲಬಾರದು. ಹಿಂದಿನ ದೃಶ್ಯದಲ್ಲಿ ಗಂಡ ಹೆಂಡತಿಯನ್ನು ನಡುಗಿಸಿದ ಅದೇ ಸದ್ದು, ಅದೇ ಮರ, ಅದೇ ಜೋರು. ರೆಕಾರ್ಡ್ ಬೇಡ. ಒಬ್ಬರು ನೇಪಥ್ಯದಲ್ಲಿ ನಿಂತು ದಪ್ಪ ಹಲಗೆಯನ್ನು ಕೈಯಾರೆ ಬಡಿದರೆ ನಟರ ಮಾತಿಗೆ ಹೊಂದಿಸಿಕೊಳ್ಳಲು ಆಗುತ್ತದೆ.

ಹೆಜ್ಜೆ 8: ಔತಣದಲ್ಲಿ ಬ್ಯಾಂಕೋ ಕಾಣಬೇಕಾ?

ಮ್ಯಾಕ್‌ಬೆತ್ ಕೊಲ್ಲಿಸಿದ ಬ್ಯಾಂಕೋನ ಪ್ರೇತ ಅವನ ಔತಣಕ್ಕೆ ಬರುತ್ತದೆ, ಅದು ಅವನೊಬ್ಬನಿಗೇ ಕಾಣುತ್ತದೆ. ಪ್ರೇಕ್ಷಕರಿಗೂ ಕಾಣಬೇಕಾ ಅನ್ನುವ ಪ್ರಶ್ನೆಗೆ ರಂಗಭೂಮಿ ಎರಡೂ ಉತ್ತರ ಕೊಟ್ಟಿದೆ. ಸೈಮನ್ ಫೋರ್ಮನ್ ಎಂಬಾತ 1611ರಲ್ಲಿ ಗ್ಲೋಬ್ ರಂಗಮಂದಿರದಲ್ಲಿ ನಾಟಕ ನೋಡಿ ಬರೆದಿಟ್ಟ ಟಿಪ್ಪಣಿಯಲ್ಲಿ ಪ್ರೇತ ಬಂದು ಮ್ಯಾಕ್‌ಬೆತ್‌ನ ಕುರ್ಚಿಯಲ್ಲಿ ಕೂತದ್ದನ್ನು ಹೇಳುತ್ತಾನೆ. 1794ರಲ್ಲಿ ಜಾನ್ ಫಿಲಿಪ್ ಕೆಂಬಲ್ ಲಂಡನ್‌ನ ಡ್ರೂರಿ ಲೇನ್‌ನಲ್ಲಿ ಕುರ್ಚಿಯನ್ನು ಖಾಲಿ ಬಿಟ್ಟು ಆಡಿದ.

ನನ್ನ ಆಯ್ಕೆ ಬ್ಯಾಂಕೋ ಕಾಣಬೇಕು ಅನ್ನುವುದು. ಕುರ್ಚಿ ಖಾಲಿ ಇದ್ದರೆ ನಾವೂ ಅತಿಥಿಗಳ ಜೊತೆ ಸೇರಿ ಹುಚ್ಚನೊಬ್ಬನನ್ನು ದೂರದಿಂದ ನೋಡುತ್ತೇವೆ. ಪ್ರೇತ ಕಂಡರೆ ಅವನು ನೋಡಿದ್ದನ್ನೇ ನಾವೂ ನೋಡುತ್ತೇವೆ. ಉಳಿದವರಿಗೆ ಕಾಣದ್ದು ನಮಗೂ ಅವನಿಗೂ ಮಾತ್ರ ಗೊತ್ತು. ಡಂಕನ್‌ನನ್ನು ಕೊಲ್ಲಲು ಹೋಗುವ ಮುಂಚೆ ಮ್ಯಾಕ್‌ಬೆತ್‌ಗೆ ಕಾಣುವ, ಗಾಳಿಯಲ್ಲಿ ತೇಲುವ ಕಠಾರಿಯನ್ನು ಮಾತ್ರ ತೋರಿಸಬೇಡಿ. ಅದು ಇದೆಯಾ ಇಲ್ಲವಾ ಅಂತ ಅವನಿಗೇ ಅನುಮಾನ.

ಎಲ್ಲರೂ ಮ್ಯಾಕ್‌ಬೆತ್‌ನ ಕಡೆ ನೋಡುತ್ತಿರುವಾಗ ಬ್ಯಾಂಕೋ ಮಾಮೂಲಿ ನಡಿಗೆಯಲ್ಲಿ ಬಂದು ಕೂರಲಿ. ಹೊಗೆ, ಮಿಂಚು, ಸಂಗೀತ ಯಾವುದೂ ಬೇಡ. ಕೂರಲು ಹೋದ ಮ್ಯಾಕ್‌ಬೆತ್ 'ಜಾಗ ಎಲ್ಲಾ ಭರ್ತಿಯಾಗಿದೆಯಲ್ಲ' ಅಂತ ಸಹಜವಾಗಿ ಹೇಳಬೇಕು. ಮುಖ ನೋಡುವುದು ಆಮೇಲೆ.

ಅತಿಥಿಗಳು ಎದ್ದು ಹೋದ ಮೇಲಿನ ಭಾಗಕ್ಕೆ ಔತಣದಷ್ಟೇ ತಾಲೀಮು ಬೇಕು. ಇಡೀ ದೃಶ್ಯ ಗಂಡನನ್ನು ಬೈದು, ಅತಿಥಿಗಳನ್ನು ಸಮಾಧಾನ ಮಾಡಿ ಸಂಭಾಳಿಸಿದವಳು ಈಗ ಬೈಯುವುದಿಲ್ಲ. ರಾತ್ರಿ ಎಷ್ಟಾಯಿತು ಅಂತ ಅವನು ಕೇಳುತ್ತಾನೆ. ಬೆಳಗು ಯಾವುದು ರಾತ್ರಿ ಯಾವುದು ಅಂತ ಗೊತ್ತಾಗದ ಹೊತ್ತು ಅನ್ನುತ್ತಾಳೆ. ರಕ್ತದಲ್ಲಿ ಇಷ್ಟು ದೂರ ಇಳಿದಾಗಿದೆ, ಹಿಂದೆ ಹೋಗುವುದೂ ಮುಂದೆ ಹೋಗುವಷ್ಟೇ ಕಷ್ಟ ಅಂತ ಅವನು ಹೇಳಿದರೆ, ನಿನಗೆ ನಿದ್ದೆ ಬೇಕು ಅನ್ನುವುದಷ್ಟೇ ಅವಳ ಉತ್ತರ. ಇದಾದ ಮೇಲೆ ಈ ಇಬ್ಬರೂ ರಂಗದ ಮೇಲೆ ಒಟ್ಟಿಗೆ ಬರುವುದೇ ಇಲ್ಲ. ಪಾತ್ರಗಳಿಗೆ ಅದು ಗೊತ್ತಿಲ್ಲ, ನಿರ್ದೇಶಕರಿಗೆ ಗೊತ್ತಿರಬೇಕು. 1ನೇ ಅಂಕದಲ್ಲಿ ಹಿಡಿದ ಕೈಯನ್ನು ಇಲ್ಲಿ ಅವನು ಹಿಡಿಯದೆ ಹೋಗಲಿ. ವಿರಾಮ ಇಲ್ಲೇ ಕೊಡಿ.

ಹೆಜ್ಜೆ 9: ಯೋಚನೆ ನಿಂತ ಮೇಲೆ

4ನೇ ಅಂಕದ 1ನೇ ದೃಶ್ಯದಲ್ಲಿ ಶಿರಸ್ತ್ರಾಣ ತೊಟ್ಟ ತಲೆ, ರಕ್ತಸಿಕ್ತ ಮಗು, ಕಿರೀಟ ತೊಟ್ಟು ಮರದ ರೆಂಬೆ ಹಿಡಿದ ಮಗು ಬರುತ್ತವೆ. ಸರಳವಾದ ಬೊಂಬೆ, ಮುಖವಾಡ ಸಾಕು. ದೃಶ್ಯದ ಜೀವ ಇರುವುದು ಕೊನೆಯಲ್ಲಿ. ಮ್ಯಾಕ್‌ಡಫ್ ಇಂಗ್ಲೆಂಡಿಗೆ ಓಡಿಹೋದ ಸುದ್ದಿ ಬಂದಾಗ ಮ್ಯಾಕ್‌ಬೆತ್ ಇನ್ನು ಮೇಲೆ ಮನಸ್ಸಿಗೆ ಬಂದದ್ದು ಕೂಡಲೇ ಕೈಗೆ ಬರಬೇಕು ಅಂತ ತೀರ್ಮಾನಿಸುತ್ತಾನೆ. ಅಷ್ಟು ಲೆಕ್ಕ ಹಾಕುತ್ತಿದ್ದವನು ಲೆಕ್ಕ ಹಾಕುವುದನ್ನೇ ಬಿಟ್ಟ. ಗೊತ್ತಾಗುವುದಕ್ಕೆ ಅವಕಾಶವನ್ನೇ ಕೊಡುವುದಿಲ್ಲ ಅಂತ ಹೊರಟ. ನಟ ಇದನ್ನು ಆವೇಶದಿಂದ ಹೇಳುವುದಕ್ಕಿಂತ ತಣ್ಣಗೆ ಹೇಳಿದರೆ ಭಯ ಜಾಸ್ತಿ.

ಅದರ ಫಲ ಲೇಡಿ ಮ್ಯಾಕ್‌ಡಫ್ ಮತ್ತು ಅವಳ ಮಗನ ಕೊಲೆ. ಈ ದೃಶ್ಯವನ್ನು ಉದ್ದ ಆಯಿತು ಅಂತ ತೆಗೆಯುವುದು ಅನ್ಯಾಯ. ಡಂಕನ್‌ನನ್ನು ಕೊಂದರೆ ಸಿಂಹಾಸನ ಸಿಗುತ್ತಿತ್ತು. ಇವರನ್ನು ಕೊಂದರೆ ಏನೂ ಸಿಗುವುದಿಲ್ಲ. ತಾಯಿ ಮಗ ಚುರುಕಾಗಿ ಮಾತಾಡಿಕೊಳ್ಳುವುದನ್ನು ಪೂರ್ತಿ ಆಡಿಸಿ.

ಆ ಸುದ್ದಿ ಮ್ಯಾಕ್‌ಡಫ್‌ಗೆ ತಲುಪುವುದು ಮುಂದಿನ ದೃಶ್ಯದ ಕೊನೆಯಲ್ಲಿ. ಮುಟ್ಟಬೇಡಿ ಅಂದದ್ದು ಇದನ್ನೇ. ಅವನು ಎಲ್ಲರೂನಾ, ಮಕ್ಕಳೂನಾ ಅಂತ ಮತ್ತೆ ಮತ್ತೆ ಕೇಳುತ್ತಾನೆ. ಗಂಡಸಿನ ಹಾಗೆ ಎದುರಿಸು ಅಂತ ಮಾಲ್ಕಮ್ ಹೇಳಿದಾಗ, ಎದುರಿಸುತ್ತೇನೆ, ಆದರೆ ಗಂಡಸಿನ ಹಾಗೆ ಸಂಕಟವನ್ನೂ ಪಡಬೇಕಲ್ಲ ಅನ್ನುತ್ತಾನೆ. ಗಂಡಸಾ ನೀನು ಅಂತ ಲೇಡಿ ಮ್ಯಾಕ್‌ಬೆತ್ ಕೆಣಕಿದ್ದಕ್ಕೆ ನಾಟಕದೊಳಗೇ ಸಿಗುವ ಉತ್ತರ ಇದು. ಮ್ಯಾಕ್‌ಡಫ್ ನಟನಿಗೆ ಇಲ್ಲಿ ಸಮಯ ಕೊಡಿ. ಅವನ ಮೌನವನ್ನು ಯಾರೂ ತುಂಬಲು ಹೋಗಬಾರದು.

ಹೆಜ್ಜೆ 10: ನಿದ್ದೆಯಲ್ಲಿ ನಡೆಯುವ ದೃಶ್ಯ

ಮೊದಲ ಅಂಕದಲ್ಲಿ ಗಟ್ಟಿಯಾದ ಪದ್ಯದಲ್ಲಿ ಮಾತಾಡಿದವಳು 5ನೇ ಅಂಕದ 1ನೇ ದೃಶ್ಯದಲ್ಲಿ ಚೂರು ಚೂರು ಗದ್ಯದಲ್ಲಿ ಮಾತಾಡುತ್ತಾಳೆ. ನಟಿಗೆ ಒಂದು ಅಭ್ಯಾಸ ಕೊಡಿ. ಪ್ರತಿ ಚೂರಿನ ಎದುರು ಅದು ಯಾವ ದೃಶ್ಯದಿಂದ ಬಂದದ್ದು ಅಂತ ಬರೆಯಲಿ. 'ಒಂದು, ಎರಡು, ಈಗ ಹೊತ್ತಾಯಿತು' ಅನ್ನುವುದು ಕೊಲೆಯ ರಾತ್ರಿ. 'ಆ ಮುದುಕನ ಮೈಯಲ್ಲಿ ಇಷ್ಟು ರಕ್ತ ಇತ್ತಾ' ಅನ್ನುವುದು ಕಠಾರಿ ಇಟ್ಟು ಬರಲು ಹೋದಾಗ ಕಂಡದ್ದು, ಆಗ ಅವಳು ಯಾರಿಗೂ ಹೇಳಿರಲಿಲ್ಲ. 'ಫೈಫ್‌ನ ಒಡೆಯನಿಗೆ ಹೆಂಡತಿ ಇದ್ದಳು' ಅನ್ನುವುದು ಲೇಡಿ ಮ್ಯಾಕ್‌ಡಫ್. 'ಬ್ಯಾಂಕೋನನ್ನು ಮಣ್ಣು ಮಾಡಿದ್ದಾರೆ' ಅನ್ನುವುದು ಔತಣ. ಕೊನೆಗೆ ಬಾಗಿಲು ತಟ್ಟುವ ಸದ್ದು. ಸ್ವಲ್ಪ ನೀರು ಹಾಕಿದರೆ ಈ ಕೆಲಸದ ಗುರುತೇ ಇರುವುದಿಲ್ಲ ಅಂತ ಹೇಳಿದ್ದವಳು ಈಗ ಒಣ ಕೈಯನ್ನು ಉಜ್ಜುತ್ತಿದ್ದಾಳೆ. ಹೀಗೆ ಗುರುತು ಮಾಡಿಕೊಂಡ ನಟಿ ಹುಚ್ಚು ನಟಿಸುವುದಿಲ್ಲ. ಒಂದೊಂದು ಜಾಗಕ್ಕೂ ನಿಜವಾಗಿ ಹೋಗಿ ಬರುತ್ತಾಳೆ.

1785ರಲ್ಲಿ ಸಾರಾ ಸಿಡನ್ಸ್ ಈ ಪಾತ್ರ ಮಾಡಿದಾಗ ಕೈಯಲ್ಲಿದ್ದ ದೀಪವನ್ನು ಕೆಳಗಿಟ್ಟು ಕೈ ತೊಳೆಯುವ ಅಭಿನಯ ಮಾಡಿದರು. ಅಲ್ಲಿಯವರೆಗೆ ನಟಿಯರು ದೀಪ ಹಿಡಿದೇ ಇರುವುದು ರೂಢಿಯಾಗಿತ್ತು, ರಂಗಮಂದಿರದ ವ್ಯವಸ್ಥಾಪಕರು ಬೇಡ ಅಂದಿದ್ದರೂ ಅವರು ಕೇಳಲಿಲ್ಲ. ಎರಡೂ ಕೈ ಬೇಕಲ್ಲ, ಉಜ್ಜಲು! ನೀವೂ ದೀಪ ಇಡಲು ಒಂದು ಜಾಗ ಮೊದಲೇ ಗೊತ್ತು ಮಾಡಿ. ಹಿನ್ನೆಲೆ ಸಂಗೀತ ಬೇಡವೇ ಬೇಡ. ಬಟ್ಟೆಯ ಸದ್ದು, ಕೈ ಉಜ್ಜುವ ಸದ್ದು ಕೊನೆಯ ಸಾಲಿನವರೆಗೆ ಕೇಳಬೇಕು.

ಹೆಜ್ಜೆ 11: ಕೊನೆಯ ಓಟ, ಕತ್ತಿ ಮತ್ತು ಸುರಕ್ಷತೆ

ಹೆಂಡತಿ ಸತ್ತಳು ಅಂತ ಅವನ ಸೇವಕ ಸೇಟನ್ ಹೇಳಿದ ಮೇಲೆ ಬರುವ 'ನಾಳೆ, ನಾಳೆ, ನಾಳೆ' ಅನ್ನುವ ಮಾತು ತುಂಬಾ ಪ್ರಸಿದ್ಧ. ಅದೇ ಅದಕ್ಕೆ ಮುಳುವು. ನಟ ಮುಂದೆ ಬಂದು ಸಭೆಗೆ ಒಪ್ಪಿಸಿಬಿಡುತ್ತಾನೆ. ಅದನ್ನು ಸೇಟನ್‌ನನ್ನೇ ನೋಡಿ ಹೇಳಲಿ, ನಿಂತಲ್ಲೇ, ಅಳಲು ಆಗದವನ ಹಾಗೆ. ಮುಗಿದ ಕೂಡಲೇ ದೂತ ಓಡಿ ಬಂದು ಕಾಡು ನಡೆದು ಬರುತ್ತಿದೆ ಅನ್ನುತ್ತಾನೆ. ನಡುವೆ ಚಪ್ಪಾಳೆಗೆ ಜಾಗ ಇರಬಾರದು, ದುಃಖಕ್ಕೂ ಅವನಿಗೆ ಸಮಯ ಸಿಗಬಾರದು. ನಡೆದು ಬರುವಂತೆ ಕಾಣುವ ಆ ಬರ್ನಮ್ ಕಾಡು ರೆಂಬೆ ಹಿಡಿದು ಬರುವ ಸೈನಿಕರೇ, ಅದಕ್ಕೆ ಆರು ಜನ, ಕೈಗೊಂದು ರೆಂಬೆ ಸಾಕು.

ಈ ನಾಟಕದ ಹೆಸರನ್ನು ರಂಗಮಂದಿರದೊಳಗೆ ಹೇಳಿದರೆ ಕೇಡು ಅಂತ ಇಂಗ್ಲಿಷ್ ರಂಗಭೂಮಿಯಲ್ಲಿ ನಂಬಿಕೆ ಇದೆ. ಕೇಡಿಗೆ ಶಾಪ ಬೇಕಿಲ್ಲ. ಅರೆಗತ್ತಲು, ಹೊಗೆ, ಬಣ್ಣ ಚೆಲ್ಲಿ ಜಾರುವ ನೆಲ, ಕತ್ತಿ, ದಣಿದ ನಟರು, ಇಷ್ಟಿದ್ದರೆ ಸಾಕು. ಕತ್ತಿವರಸೆಯನ್ನು ತರಬೇತಿ ಪಡೆದವರಿಂದಲೇ ಸಂಯೋಜಿಸಿ. ಕತ್ತಿಗಳು ಮೊಂಡಾಗಿರಲಿ. ಪ್ರತಿ ಪ್ರದರ್ಶನಕ್ಕೂ ಮುಂಚೆ ಕಾದಾಟವನ್ನು ನಿಧಾನಗತಿಯಲ್ಲಿ ಒಮ್ಮೆ ಪೂರ್ತಿ ಮಾಡಿ. ಆ ಕ್ಷಣಕ್ಕೆ ಹೊಳೆದ ಹೊಸ ಏಟು ಯಾರೂ ಹಾಕುವಂತಿಲ್ಲ. ಕೊನೆಯ ಕಾದಾಟಕ್ಕೆ ಬೆಳಕು ಸ್ವಲ್ಪ ಜಾಸ್ತಿಯೇ ಇರಲಿ. ನೋಟ ಸ್ವಲ್ಪ ಸೊರಗಿದರೂ ಚಿಂತೆಯಿಲ್ಲ.

ಮೊದಲ ಮುದ್ರಣದ ರಂಗಸೂಚನೆಯಲ್ಲಿ ಮ್ಯಾಕ್‌ಬೆತ್ ರಂಗದ ಮೇಲೇ ಸಾಯುತ್ತಾನೆ, ಆಮೇಲೆ ಮ್ಯಾಕ್‌ಡಫ್ ಅವನ ತಲೆ ಹಿಡಿದು ಒಳಗೆ ಬರುತ್ತಾನೆ. ಎರಡೂ ಕೂಡಿಬರುವುದು ಕಷ್ಟ. ಕಾದಾಡುತ್ತಾ ಇಬ್ಬರೂ ಹೊರಗೆ ಹೋಗಲಿ, ಮ್ಯಾಕ್‌ಡಫ್ ಒಬ್ಬನೇ ಕಿರೀಟ ಹಿಡಿದು ಬರಲಿ. ನಕಲಿ ತಲೆ ಕಂಡು ಸಭೆಯಲ್ಲಿ ಒಬ್ಬರು ಕಿಸಕ್ಕೆಂದರೂ ಎಂಟು ವಾರದ ಶ್ರಮ ಹೋಯಿತು.

ಕಡೆಯ ಮಾತು ಮಾಲ್ಕಮ್‌ನದು. ಸತ್ತವನನ್ನು ಕಟುಕ ಅಂತಲೂ ಅವನ ಹೆಂಡತಿಯನ್ನು ಪಿಶಾಚಿಯಂಥವಳು ಅಂತಲೂ ಕರೆದು, ಪಟ್ಟಾಭಿಷೇಕಕ್ಕೆ ಎಲ್ಲರನ್ನೂ ಸ್ಕೋನ್‌ಗೆ ಕರೆಯುತ್ತಾನೆ. ಇದು ತೀರಾ ಒಣ ಮಾತು ಅಂತ ಹಲವರು ಕತ್ತರಿಸುತ್ತಾರೆ, ಇನ್ನು ಕೆಲವರು ಮಾಲ್ಕಮ್ ಮುಖದಲ್ಲಿ ಅನುಮಾನ ತರಿಸುತ್ತಾರೆ. ಎರಡೂ ಬೇಡ. ಅಪ್ಪನನ್ನು ಕಳೆದುಕೊಂಡ ಈ ಹುಡುಗನಿಗೆ ಗೊತ್ತಿರುವುದು ಅಷ್ಟೇ. ಔತಣ ಮುಗಿದ ಮೇಲಿನ ಮಾತನ್ನಾಗಲಿ ನಿದ್ದೆಯಲ್ಲಿ ಉಜ್ಜಿದ ಕೈಯನ್ನಾಗಲಿ ಅವನು ನೋಡಿಲ್ಲ. ಸಭೆಯಲ್ಲಿ ಕೂತವರು ನೋಡಿದ್ದಾರೆ. ಆದ್ದರಿಂದ ಅವನು ಆ ಎರಡು ಮಾತನ್ನೂ ಪೂರ್ತಿ ನಂಬಿಕೆಯಿಂದ, ಸ್ಪಷ್ಟವಾಗಿ ಹೇಳಲಿ.